ತಾಂಜಾನಿಯಾದ ಹಳ್ಳಿ ಶಾಲೆಯಲ್ಲಿ ಗಣಿತ ಪಾಠ: ಯಾವ ಭಾಷೆಯಲ್ಲಿ, ಎಲ್ಲಿಂದ ಶುರು ಮಾಡಲಿ?

ಮೋಶಿ ಟೀಚರ್

ಎಲ್ಲರಿಗೂ ನಮಸ್ಕಾರ. ಊರು ದಾವಣಗೆರೆ. ಅಲ್ಲಿ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುತ್ತಿದ್ದೆ. ಯಜಮಾನರ ಕೆಲಸದಿಂದಾಗಿ ಈಗ ತಾಂಜಾನಿಯಾದ ಮೋಶಿಯಲ್ಲಿದ್ದೇವೆ, ಕಿಲಿಮಾಂಜಾರೋ ಬೆಟ್ಟದ ಬುಡದಲ್ಲಿ. ಬೆಟ್ಟದ ಕಡೆ ಹೋದರೆ ಬಾಳೆ, ಕಾಫಿ, ಎಲ್ಲಾ ಹಸಿರು. ಕೆಳಗೆ ಬಯಲಿಗೆ ಇಳಿದರೆ ಒಣ ನೆಲ, ಮೆಕ್ಕೆಜೋಳ. ಆ ಬಯಲಿನ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯ ಹೆಡ್‌ಮಾಸ್ಟರು ನನ್ನನ್ನು ಫಾರ್ಮ್ 1ಕ್ಕೆ ಗಣಿತ ಹೇಳಿಕೊಡಲು ಕರೆದಿದ್ದಾರೆ. ಫಾರ್ಮ್ 1 ಅಂದರೆ ನಮ್ಮ ಎಂಟನೇ ಕ್ಲಾಸು ಅಂದುಕೊಳ್ಳಿ. ಇಡೀ ಶಾಲೆಗೆ ಗಣಿತಕ್ಕೆ ಒಬ್ಬರೇ ಮೇಷ್ಟ್ರು. ಸಂಬಳ ಇಲ್ಲ, ನಾನು ಕೇಳಿಯೂ ಇಲ್ಲ.

ಸದ್ಯಕ್ಕೆ ಆ ಮೇಷ್ಟ್ರ ಕ್ಲಾಸಿನಲ್ಲಿ ಹಿಂದಿನ ಬೆಂಚಲ್ಲಿ ಕುಳಿತು ನೋಡುತ್ತಿದ್ದೇನೆ. ಸಮಸ್ಯೆ ಇದು. ಇಲ್ಲಿ ಪ್ರಾಥಮಿಕ ಶಾಲೆ ಪೂರ್ತಿ ಸ್ವಾಹಿಲಿ ಮಾಧ್ಯಮ. ಪ್ರೌಢಶಾಲೆ ಪೂರ್ತಿ ಇಂಗ್ಲಿಷ್ ಮಾಧ್ಯಮ. ಡಿಸೆಂಬರ್ ರಜೆ ಮುಗಿಸಿ ಜನವರಿಗೆ ಬರುವ ಮಗುವಿಗೆ ಪುಸ್ತಕ, ಬೋರ್ಡು, ಪರೀಕ್ಷೆ ಎಲ್ಲಾ ಒಮ್ಮೆಲೇ ಬೇರೆ ಭಾಷೆ. ಶುರುವಿನ ಕೆಲವು ವಾರ ಇಂಗ್ಲಿಷ್ ತಯಾರಿ ಪಾಠ ಇರುತ್ತದೆ, ಆದರೆ ಅದು ಎಲ್ಲಿಗೆ ಸಾಲುತ್ತದೆ? ಅರ್ಥ ಆಯಿತಾ ಎಂದರೆ ಇಡೀ ಕ್ಲಾಸು ಒಂದೇ ದನಿಯಲ್ಲಿ "ಎಸ್ ಸರ್" ಅನ್ನುತ್ತದೆ. ನೋಟ್ಸು ನೋಡಿದರೆ ಮುತ್ತಿನಂಥ ಅಕ್ಷರ. ಮೂರನೇ ಎರಡು ದೊಡ್ಡದಾ, ನಾಲ್ಕನೇ ಮೂರು ದೊಡ್ಡದಾ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಎಲ್ಲರೂ ತಲೆ ತಗ್ಗಿಸುತ್ತಾರೆ. ಅದೇ ಮೇಷ್ಟ್ರು ಒಂದು ಕಿತ್ತಳೆ ಹಣ್ಣು ಹಿಡಿದು ಸ್ವಾಹಿಲಿಯಲ್ಲಿ ಕೇಳಿದರು. ಅರ್ಧ ಕ್ಲಾಸು ಕೈ ಎತ್ತಿತು.

ಇನ್ನರ್ಧಕ್ಕೆ ಸ್ವಾಹಿಲಿಯಲ್ಲೂ ಬರಲಿಲ್ಲ, ಭಾಗಾಕಾರವೇ ಗೊತ್ತಿಲ್ಲ. ಅದು ಎರಡನೇ ಸಮಸ್ಯೆ.

ನನ್ನ ಸ್ವಾಹಿಲಿ ಸಂತೆಗೆ ಸಾಕು, ಪಾಠಕ್ಕೆ ಸಾಲದು. ನಾನು ಇಂಗ್ಲಿಷಲ್ಲೇ ಹೇಳಬೇಕಾ? ಸ್ವಾಹಿಲಿ ಕಲಿತ ಮೇಲೇ ಶುರು ಮಾಡಬೇಕಾ? ಆಫ್ರಿಕಾದಲ್ಲಿ ಪಾಠ ಮಾಡಿದವರು, ನಮ್ಮ ಹಳ್ಳಿಗಳಲ್ಲಿ ಪಾಠ ಮಾಡಿದವರು, ಎಲ್ಲರೂ ಹೇಳಿ.

ಚನ್ನಗಿರಿ ಹೈದ

ಮೇಡಂ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ತಾಲ್ಲೂಕಿನಲ್ಲೇ ಗಣಿತಕ್ಕೆ ಟೀಚರಿಲ್ಲದ ಶಾಲೆಗಳಿವೆ. ಅತಿಥಿ ಶಿಕ್ಷಕರನ್ನು ಹಾಕಿಕೊಂಡು ವರ್ಷ ತಳ್ಳುತ್ತಾರೆ. ಆಫ್ರಿಕಾ ಸೇವೆ ಎಂದರೆ ಎಲ್ಲರಿಗೂ ಉತ್ಸಾಹ. ನಮ್ಮೂರ ಮಕ್ಕಳು ಯಾರಿಗೆ ಬೇಕು?

ತುಂಗಾ ತೀರ

ಅವರ ಮನೆ ಇರುವುದೇ ಮೋಶಿಯಲ್ಲಿ. ಪಕ್ಕದ ಹಳ್ಳಿಯ ಹೆಡ್‌ಮಾಸ್ಟರು ಕರೆದಿದ್ದಾರೆ. ಹೋಗದೆ ಮನೆಯಲ್ಲಿ ಕೂತರೆ ಚನ್ನಗಿರಿಗೆ ಟೀಚರ್ ಬರುತ್ತಾರಾ?

ಕೋಟೆ ಮೇಷ್ಟ್ರು

ನಾನು ಹೆಗ್ಗಡದೇವನಕೋಟೆ ತಾಲ್ಲೂಕಿನ ಹಳ್ಳಿಗಳಲ್ಲಿ ಪ್ರಾಥಮಿಕ ಶಾಲೆ ಮೇಷ್ಟ್ರಾಗಿದ್ದು ನಿವೃತ್ತನಾದವನು. 1995ರಲ್ಲಿ ನಲಿ ಕಲಿ ಶುರುವಾಗಿದ್ದೇ ನಮ್ಮ ತಾಲ್ಲೂಕಿನಲ್ಲಿ. ಆಫ್ರಿಕಾ ನೋಡಿಲ್ಲ. ಆದರೆ ನೀವು ಬರೆದ ಎರಡನೇ ಸಮಸ್ಯೆಯ ಜೊತೆ ನನ್ನ ಇಡೀ ಸರ್ವಿಸು ಕಳೆದಿದೆ.

ಮೊದಲ ವಾರ ಫಾರ್ಮ್ 1 ಪುಸ್ತಕ ತೆರೆಯಬೇಡಿ. ಒಂದೊಂದೇ ಮಗುವನ್ನು ಕರೆದು ನಾಲ್ಕು ಲೆಕ್ಕ ಕೊಡಿ. ಎರಡಂಕಿಯ ಕೂಡುವ ಲೆಕ್ಕ, ದಶಕ ತೆಗೆದುಕೊಂಡು ಕಳೆಯುವ ಲೆಕ್ಕ, ಒಂದಂಕಿಯ ಗುಣಾಕಾರ, ಶೇಷ ಬರುವ ಭಾಗಾಕಾರ. ಅಂಕಿಗೆ ಭಾಷೆ ಇಲ್ಲ, ಹಾಗಾಗಿ ನಿಮ್ಮ ಸ್ವಾಹಿಲಿ ಇದಕ್ಕೆ ಅಡ್ಡಿಯಾಗುವುದಿಲ್ಲ. ಯಾರು ಎಲ್ಲಿ ನಿಂತಿದ್ದಾರೆ ಎಂದು ಹೆಸರಿನ ಮುಂದೆ ಬರೆದುಕೊಳ್ಳಿ. ಸಾಮಾನ್ಯವಾಗಿ ಕ್ಲಾಸು ಮೂರು ಗುಂಪಾಗುತ್ತದೆ. ಕಳೆಯುವ ಲೆಕ್ಕಕ್ಕೆ ನಿಂತವರು, ಭಾಗಾಕಾರಕ್ಕೆ ನಿಂತವರು, ಎಲ್ಲಾ ಬರುವವರು. ಕೊನೆಯ ಗುಂಪಿನ ಮಕ್ಕಳನ್ನು ಮೊದಲೆರಡು ಗುಂಪಿನಲ್ಲಿ ಇಬ್ಬಿಬ್ಬರಂತೆ ಕೂರಿಸಿ. ಅವರು ಸ್ವಾಹಿಲಿಯಲ್ಲಿ ಹೇಳಿಕೊಡುತ್ತಾರೆ. ನಿಮ್ಮ ಭಾಷೆ ಸಮಸ್ಯೆಯೂ ಅರ್ಧ ಕಡಿಮೆ.

ಮೊದಲ ಗುಂಪಿಗೆ ಕಡ್ಡಿ ಕಟ್ಟು ಬೇಕೇ ಬೇಕು. ಹತ್ತು ಕಡ್ಡಿಗೆ ಒಂದು ರಬ್ಬರ್ ಬ್ಯಾಂಡು. ಹದಿಮೂರು ವರ್ಷದ ಮಕ್ಕಳು ಇದನ್ನು ಮುಟ್ಟಲು ನಾಚಿಕೊಳ್ಳುತ್ತಾರೆ. ಹಾಗಾಗಿ ಕಡ್ಡಿ ಬದಲು ಅಲ್ಲಿನ ನಾಣ್ಯ, ನೋಟು ಬಳಸಿ. ದುಡ್ಡಿನ ಲೆಕ್ಕಕ್ಕೆ ಯಾವ ವಯಸ್ಸಿನ ಮಗುವೂ ನಾಚುವುದಿಲ್ಲ.

ಅಂಕಿ ಸಂಖ್ಯೆ

ಮೇಷ್ಟ್ರು ಹೇಳಿದ ದಾರಿಗೂ ಆಫ್ರಿಕಾಕ್ಕೂ ನಿಜವಾದ ಸಂಬಂಧವೇ ಇದೆ. ಮಕ್ಕಳ ಕಲಿಕೆಗಾಗಿ ಕೆಲಸ ಮಾಡುವ ನಮ್ಮ ಪ್ರಥಮ್ ಸಂಸ್ಥೆ 2005ರಲ್ಲಿ ಅಸರ್ ಸಮೀಕ್ಷೆ ಶುರು ಮಾಡಿತಲ್ಲ, ಮನೆಮನೆಗೆ ಹೋಗಿ ಮಕ್ಕಳಿಗೆ ಎರಡನೇ ಕ್ಲಾಸಿನ ಕಥೆ ಓದಿಸುವುದು, ಕಳೆಯುವ ಲೆಕ್ಕ, ಭಾಗಾಕಾರ ಮಾಡಿಸುವುದು. ಅದೇ ಮಾದರಿಯನ್ನು ತಾಂಜಾನಿಯಾ, ಕೀನ್ಯಾ, ಉಗಾಂಡಾದವರು 2009ರಲ್ಲಿ ಉವೇಜೊ ಎಂಬ ಹೆಸರಲ್ಲಿ ಶುರು ಮಾಡಿದರು. ಅಲ್ಲೂ ಕಂಡದ್ದು ಇದೇ. ಎಷ್ಟೋ ಮಕ್ಕಳು ಮೇಲಿನ ಕ್ಲಾಸಿಗೆ ಹೋದರೂ ಎರಡನೇ ಕ್ಲಾಸಿನ ಲೆಕ್ಕ ಬರುವುದಿಲ್ಲ.

ಜಾಂಬಿಯಾ ಸರ್ಕಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪ್ರಥಮ್‌ನ ಗುಂಪು ಪಾಠದ ಪದ್ಧತಿಯನ್ನು ಕ್ಯಾಚ್ ಅಪ್ ಎಂಬ ಹೆಸರಲ್ಲಿ ತನ್ನ ಸರ್ಕಾರಿ ಶಾಲೆಗಳಿಗೆ ತಂದಿತು. 3ರಿಂದ 5ನೇ ಕ್ಲಾಸಿನ ಮಕ್ಕಳು ದಿನದಲ್ಲಿ ಸ್ವಲ್ಪ ಹೊತ್ತು ಕ್ಲಾಸು ಬಿಟ್ಟು, ಯಾರಿಗೆ ಎಷ್ಟು ಬರುತ್ತದೋ ಆ ಗುಂಪಿನಲ್ಲಿ ಕೂರುತ್ತಾರೆ. ಹೊರಗಿನ ಸ್ವಯಂಸೇವಕರಿಲ್ಲ, ಅಲ್ಲಿನ ಟೀಚರುಗಳೇ ನಡೆಸುತ್ತಾರೆ. ನೀವು ಫಾರ್ಮ್ 1ರಲ್ಲಿ ಇದನ್ನು ಮಾಡಿದರೆ ತಪ್ಪೇನಿಲ್ಲ.

ಬಸವನಗುಡಿ ಪೋಷಕ

ಒಂದು ಮಾತು. ಪರೀಕ್ಷೆ ಇಂಗ್ಲಿಷಿನಲ್ಲಿ ಇರುವಾಗ ಸ್ವಾಹಿಲಿಯಲ್ಲಿ ಹೇಳಿಕೊಟ್ಟರೆ ಮಕ್ಕಳಿಗೆ ಮೋಸ ಮಾಡಿದಂತೆ. ನೀವು ಇಂಗ್ಲಿಷ್ ಬಲ್ಲ ಟೀಚರ್. ಆ ಹಳ್ಳಿಗೆ ಸಿಕ್ಕಿರುವ ಅವಕಾಶವೇ ಅದು. ಇಂಗ್ಲಿಷಿನಲ್ಲೇ ಮಾತಾಡಿ. ಕಷ್ಟಪಟ್ಟಾದರೂ ಕಲಿಯಲಿ.

ದಾರ್ ಕನ್ನಡಿಗ

ಬಸವನಗುಡಿಯವರೇ, ಈ ದೇಶ ನೀವು ಹೇಳಿದ್ದನ್ನೇ ದಶಕಗಳಿಂದ ಮಾಡುತ್ತಿದೆ. 1967ರ ಹೊತ್ತಿಗೆ ದೇಶದ ಮೊದಲ ಅಧ್ಯಕ್ಷ ನ್ಯೆರೆರೆ ಪ್ರಾಥಮಿಕ ಶಾಲೆಗಳನ್ನು ಪೂರ್ತಿ ಸ್ವಾಹಿಲಿಗೆ ತಂದರು. ಅವರೇ ಮೊದಲು ಶಾಲಾ ಮೇಷ್ಟ್ರು, ಇವತ್ತಿಗೂ ಜನ ಅವರನ್ನು ಮ್ವಾಲಿಮು, ಅಂದರೆ ಮೇಷ್ಟ್ರು ಎಂದೇ ಕರೆಯುತ್ತಾರೆ. ಪ್ರೌಢಶಾಲೆ ಮಾತ್ರ ಇಂಗ್ಲಿಷಿನಲ್ಲೇ ಉಳಿಯಿತು. 2015ರಲ್ಲಿ ಬಿಡುಗಡೆಯಾದ ಶಿಕ್ಷಣ ನೀತಿ ಮೇಲಿನ ಹಂತಕ್ಕೂ ಸ್ವಾಹಿಲಿ ತರುವ ಮಾತಾಡಿತ್ತು. ಪ್ರೌಢಶಾಲೆಗೆ ಅದು ಬರಲೇ ಇಲ್ಲ. ಫಲ ಏನು? ಫಾರ್ಮ್ 4 ಪರೀಕ್ಷೆಯಲ್ಲಿ ಗಣಿತ ಪಾಸಾಗುವವರು ನಾಲ್ಕೈದು ಜನರಲ್ಲಿ ಒಬ್ಬರು. ಇದಕ್ಕೆಲ್ಲಾ ಭಾಷೆಯೊಂದೇ ಕಾರಣ ಅನ್ನುತ್ತಿಲ್ಲ. ಟೀಚರಿಲ್ಲ, ಪುಸ್ತಕ ಸಾಲದು, ಅವೂ ಇವೆ. ಆದರೆ ಕಷ್ಟಪಟ್ಟು ಕಲಿಯಲಿ ಎಂದು ಬಿಟ್ಟರೆ ಬಹಳ ಮಕ್ಕಳು ಕಲಿಯದೇ ಹೋಗುತ್ತಾರೆ.

ಬಸವನಗುಡಿ ಪೋಷಕ

ಹಾಗಾದರೆ ಅಲ್ಲಿನ ತಂದೆ ತಾಯಿ ಯಾಕೆ ದುಡ್ಡು ಕೊಟ್ಟು ಖಾಸಗಿ ಇಂಗ್ಲಿಷ್ ಮೀಡಿಯಂ ಪ್ರಾಥಮಿಕ ಶಾಲೆಗೆ ಸೇರಿಸುತ್ತಾರೆ? ಅವರಿಗೆ ತಿಳಿಯದಾ? ಇಲ್ಲೂ ಅಷ್ಟೆ. ಮಾತೃಭಾಷೆ ಕಡ್ಡಾಯ ಮಾಡುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕ ಸರ್ಕಾರಕ್ಕೇ ಹೇಳಿತಲ್ವಾ?

ತುಂಗಾ ತೀರ

ಕೋರ್ಟ್ ಹೇಳಿದ್ದು ಪೋಷಕರಿಗೆ ಆಯ್ಕೆ ಇರಲಿ ಎಂದು. ಇಂಗ್ಲಿಷಿನಲ್ಲಿ ಹೇಳಿದರೆ ಮಗುವಿಗೆ ಭಿನ್ನರಾಶಿ ಅರ್ಥವಾಗುತ್ತದೆ ಎಂದು ಹೇಳಿಲ್ಲ.

ಪಿಯು ಗಣಿತ

ಇಬ್ಬರೂ ಸ್ವಲ್ಪ ತಡೆಯಿರಿ. ನಾನು ಪಿಯು ಕಾಲೇಜಿನಲ್ಲಿ ಗಣಿತ ಹೇಳುತ್ತೇನೆ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಸೈನ್ಸ್ ತೆಗೆದುಕೊಂಡ ಮಕ್ಕಳು ಪ್ರತಿ ವರ್ಷ ನನ್ನ ಮುಂದೆ ಕೂರುತ್ತಾರೆ. ಅವರಲ್ಲಿ ಗಣಿತಕ್ಕೆ ನೂರಕ್ಕೆ ನೂರು ತೆಗೆದವರೂ ಇರುತ್ತಾರೆ. ಮೊದಲ ಟೆಸ್ಟಿನಲ್ಲಿ ಅವರೇ ಸೋಲುತ್ತಾರೆ. ಲೆಕ್ಕ ಬರುತ್ತದೆ, ಪ್ರಶ್ನೆ ಏನು ಕೇಳುತ್ತಿದೆ ಎಂದು ತಿಳಿಯುವುದಿಲ್ಲ.

ನಾನು ಮಾಡುವುದು ಇಷ್ಟು. ಗಣಿತದ ಪ್ರಶ್ನೆಪತ್ರಿಕೆಯಲ್ಲಿ ಮತ್ತೆ ಮತ್ತೆ ಬರುವ ಇಂಗ್ಲಿಷ್ ಮಾತುಗಳು ಬಹಳ ಇಲ್ಲ. ಫೈಂಡ್, ಸಿಂಪ್ಲಿಫೈ, ಎಕ್ಸ್‌ಪ್ರೆಸ್, ಶೋ ದಟ್, ಹೆನ್ಸ್, ಅಟ್ ಲೀಸ್ಟ್, ಈಚ್, ರಿಮೇನಿಂಗ್, ಹೀಗೆ ಕೆಲವೇ. ಇವನ್ನು ಗೋಡೆಗೆ ಹಚ್ಚುತ್ತೇನೆ. ವಿವರಣೆ ಕನ್ನಡದಲ್ಲಿ. ಬೋರ್ಡಿನ ಮೇಲೆ ಬರೆಯುವುದು ಇಂಗ್ಲಿಷಿನಲ್ಲಿ. ಪ್ರತಿ ದಿನ ಒಂದು ಪ್ರಶ್ನೆಯನ್ನು ಲೆಕ್ಕ ಮಾಡದೆ ಸುಮ್ನೆ ಓದಿಸುತ್ತೇನೆ. ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ, ಅಷ್ಟೇ ಹೇಳಬೇಕು. ಮೋಶಿ ಮೇಡಂ, ಕನ್ನಡದ ಜಾಗದಲ್ಲಿ ಸ್ವಾಹಿಲಿ ಇಟ್ಟುಕೊಳ್ಳಿ. ಆ ಮೇಷ್ಟ್ರು ನಿಮ್ಮ ಜೊತೆ ಕ್ಲಾಸಿನಲ್ಲಿ ನಿಲ್ಲುತ್ತಾರಾ? ನಿಂತರೆ ನಿಮಗೆ ಸ್ವಾಹಿಲಿ ಪೂರ್ತಿ ಬರಬೇಕಾಗಿಲ್ಲ.

ಮೋಶಿ ಟೀಚರ್

ಪಿಯು ಗಣಿತ ಸರ್, ಓದಿಸುವ ಉಪಾಯ ನಾಳೆಯೇ ಆ ಮೇಷ್ಟ್ರಿಗೆ ಹೇಳುತ್ತೇನೆ. ಕೋಟೆ ಮೇಷ್ಟ್ರೇ, ಇಲ್ಲಿನ ಶಿಲಿಂಗ್‌ನಲ್ಲಿ ಸಣ್ಣ ಸಾಮಾನಿನ ಬೆಲೆಯೂ ನೂರು, ಸಾವಿರದಲ್ಲಿರುತ್ತದೆ. ಹಾಗಾಗಿ ಮಕ್ಕಳಿಗೆ ದೊಡ್ಡ ಅಂಕಿ ಬಾಯಲ್ಲೇ ಇದೆ. ಅಂಗಡಿಯಲ್ಲಿ ಚಿಲ್ಲರೆ ಲೆಕ್ಕ ಹಾಕುವ ಹುಡುಗ ಕ್ಲಾಸಿನಲ್ಲಿ ಕಳೆಯುವ ಲೆಕ್ಕಕ್ಕೆ ತಡವರಿಸುತ್ತಾನೆ. ನೀವು ಹೇಳಿದ ನಾಣ್ಯದ ದಾರಿ ಸರಿ ಹೊಂದುತ್ತದೆ.

ಮೇಷ್ಟ್ರು ಜೊತೆಯಲ್ಲಿ ನಿಲ್ಲುತ್ತಾರಾ ಎಂದಿರಿ. ಅವರಿಗೆ ಆ ಹೊತ್ತಿಗೆ ಫಾರ್ಮ್ 3ರ ಕ್ಲಾಸು ಇರುತ್ತದೆ. ನನ್ನನ್ನು ಕರೆದದ್ದೇ ಅದಕ್ಕೆ.

ದಾರ್ ಕನ್ನಡಿಗ

ಮೇಡಂ, ಪಾಠಕ್ಕಿಂತ ಮೊದಲು ಕಾಗದ ಪತ್ರ. ನಿಮ್ಮದು ಡಿಪೆಂಡೆಂಟ್ ಪಾಸ್, ಅಂದರೆ ಯಜಮಾನರ ಅವಲಂಬಿತರಾಗಿ ಇರಲು ಕೊಡುವ ಪರವಾನಗಿ ಇರಬೇಕು. ಅದರ ಮೇಲೆ ಕೆಲಸ ಮಾಡುವಂತಿಲ್ಲ. ಸಂಬಳ ಇಲ್ಲದಿದ್ದರೂ ಇಲ್ಲಿ ಅದು ಕೆಲಸವೇ. ಸ್ವಯಂಸೇವಕರಿಗೆ ಸಿ ದರ್ಜೆಯ ನಿವಾಸ ಪರವಾನಗಿ ಎಂದು ಬೇರೆಯೇ ಇದೆ. ಶಾಲೆಯಿಂದ ಆಹ್ವಾನ ಪತ್ರ, ಜಿಲ್ಲಾ ಶಿಕ್ಷಣ ಕಚೇರಿಯ ಒಪ್ಪಿಗೆ ಎರಡನ್ನೂ ಬರಹದಲ್ಲಿ ತೆಗೆದುಕೊಂಡು ವಲಸೆ ಕಚೇರಿಯಲ್ಲಿ ಕೇಳಿ. ಹೆಡ್‌ಮಾಸ್ಟರು ಬಾಯಲ್ಲಿ ಹೇಳಿದ್ದು ಸಾಲದು. ತೊಂದರೆಯಾದರೆ ಅದು ನಿಮಗೂ ಆಗುತ್ತದೆ, ಅವರಿಗೂ ಆಗುತ್ತದೆ.

ವೈಟ್‌ಫೀಲ್ಡ್ ಟೆಕ್ಕಿ

ಒಳ್ಳೆಯ ಚರ್ಚೆ. ನನಗೂ ಇದೇ ಆಸೆ. ಡಿಸೆಂಬರಿನಲ್ಲಿ ಮೂರು ವಾರ ರಜೆ ಇದೆ. ಆನ್‌ಲೈನ್‌ನಲ್ಲಿ ಒಂದು ಏಜೆನ್ಸಿ ಸಿಕ್ಕಿತು. ಎರಡು ವಾರ ಹಳ್ಳಿ ಶಾಲೆಯಲ್ಲಿ ಪಾಠ, ಒಂದು ವಾರ ಸಫಾರಿ. ಫೀಸು ಸ್ವಲ್ಪ ಜಾಸ್ತಿಯೇ ಇದೆ. ಯಾರಾದರೂ ಹೋಗಿದ್ದೀರಾ?

ದಾರ್ ಕನ್ನಡಿಗ

ಡಿಸೆಂಬರಿನಲ್ಲಿ ಇಲ್ಲಿ ಶಾಲೆಗೆ ದೊಡ್ಡ ರಜೆ. ಮೊದಲು ಅವರನ್ನೇ ಕೇಳಿ, ಯಾವ ಮಕ್ಕಳಿಗೆ ಪಾಠ ಮಾಡಿಸುತ್ತಾರೆ ಎಂದು.

ಲಿಲಾಂಗ್ವೆ ಅಕ್ಕ

ತಮ್ಮಾ, ದಯವಿಟ್ಟು ಅದಕ್ಕೆ ದುಡ್ಡು ಕೊಡಬೇಡ. ನಾನು ಮಲಾವಿಯಲ್ಲಿ ಇದ್ದೇನೆ, ಇಲ್ಲಿನ ಶಾಲೆಗಳಿಗೆ ಆಗಾಗ ಹೋಗುತ್ತೇನೆ. ಹೊಸ ಮುಖ ಬರುತ್ತದೆ, ಮಕ್ಕಳು ಹಚ್ಚಿಕೊಳ್ಳುತ್ತಾರೆ, ಎ ಬಿ ಸಿ ಡಿ ಹಾಡು ಕಲಿಸುತ್ತಾರೆ, ಫೋಟೋ ತೆಗೆದುಕೊಳ್ಳುತ್ತಾರೆ, ಹೋಗುತ್ತಾರೆ. ಮುಂದಿನ ತಂಡ ಬಂದು ಮತ್ತೆ ಅದೇ ಹಾಡು. ಅಷ್ಟು ದಿನ ಕ್ಲಾಸ್ ಟೀಚರು ಪಾಠ ನಿಲ್ಲಿಸಿ ಮೂಲೆಯಲ್ಲಿ ನಿಂತಿರುತ್ತಾರೆ. ಅನಾಥಾಶ್ರಮ ತೋರಿಸುತ್ತೇವೆ ಎಂದರೆ ಇನ್ನೂ ದೂರ ಇರು. ಅಲ್ಲಿರುವ ಹೆಚ್ಚಿನ ಮಕ್ಕಳಿಗೆ ಅಪ್ಪನೋ ಅಮ್ಮನೋ ಇದ್ದಾರೆ. ನೋಡಲು ಬರುವವರು ಇರುವ ತನಕ ಮಕ್ಕಳನ್ನು ಮನೆಯಿಂದ ತಂದು ಇಡುವುದೂ ನಿಲ್ಲುವುದಿಲ್ಲ.

ವೈಟ್‌ಫೀಲ್ಡ್ ಟೆಕ್ಕಿ

ಅಕ್ಕಾ, ಹಾಗಾದರೆ ನಮ್ಮಂಥವರು ದುಡ್ಡು ಕಳಿಸಿ ಸುಮ್ಮನಿರಬೇಕು ಅಂತೀರಾ? ಕಣ್ಣಾರೆ ನೋಡಿದರೆ ತಾನೇ ಯಾರಿಗಾದರೂ ಮನಸ್ಸು ಬದಲಾಗುವುದು? ನಾನು ಫೋಟೋ ಹುಚ್ಚಿನವನಲ್ಲ. ಮನಸ್ಸಿನಿಂದ ಕೇಳುತ್ತಿದ್ದೇನೆ.

ಅಂಕಿ ಸಂಖ್ಯೆ

ನಿಮ್ಮ ಮನಸ್ಸಿನ ಬಗ್ಗೆ ಯಾರಿಗೂ ಅನುಮಾನ ಇಲ್ಲ. ಅವಧಿ ನೋಡಿ. ಅಮೆರಿಕ ಸರ್ಕಾರ ಹೊರದೇಶಗಳಿಗೆ ಸ್ವಯಂಸೇವಕರನ್ನು ಕಳಿಸುವ ಪೀಸ್ ಕೋರ್ 1961ರಲ್ಲಿ ಶುರುವಾದಾಗ ಮೊದಲ ತಂಡ ಹೋಗಿದ್ದು ಘಾನಾಕ್ಕೆ, ಶಾಲಾ ಟೀಚರುಗಳಾಗಿ. ಅವರ ಅವಧಿ ಎರಡು ವರ್ಷ. ಇವತ್ತಿಗೂ ಅವರಲ್ಲಿ ಸುಮಾರು ಮೂರು ತಿಂಗಳು ತರಬೇತಿ, ಅದರಲ್ಲಿ ಭಾಷೆ ಕಲಿಯುವುದು ದೊಡ್ಡ ಭಾಗ, ಆಮೇಲೆ ಎರಡು ವರ್ಷ ಒಂದೇ ಊರು. ಅಷ್ಟು ಮಾಡಿದವರ ಕೆಲಸವೇ ಎಷ್ಟು ಉಳಿಯಿತು ಎಂದು ಇನ್ನೂ ವಾದ ನಡೆಯುತ್ತದೆ. ಎರಡು ವಾರದಲ್ಲಿ ಮಕ್ಕಳ ಹೆಸರೂ ಬಾಯಿಗೆ ಬರುವುದಿಲ್ಲ.

ನೈರೋಬಿ ಮಾಮ

ಇನ್ನೊಂದು ಮುಖ ಯಾರೂ ಹೇಳಲಿಲ್ಲ. ಕೀನ್ಯಾದಲ್ಲಿ ಟ್ರೇನಿಂಗ್ ಮುಗಿಸಿ, ಸರ್ಕಾರಿ ನೇಮಕಾತಿಗೆ ವರ್ಷಗಟ್ಟಲೆ ಕಾಯುತ್ತಿರುವ ಟೀಚರುಗಳು ಊರೂರಲ್ಲಿ ಇದ್ದಾರೆ. ತಾಂಜಾನಿಯಾದಲ್ಲೂ ಇದ್ದಾರೆ. ಶಾಲೆಗಳಲ್ಲಿ ಜಾಗ ಖಾಲಿ, ಹೊರಗೆ ಟೀಚರು ಖಾಲಿ, ನಡುವೆ ಸಂಬಳಕ್ಕೆ ದುಡ್ಡಿಲ್ಲ. ಇಲ್ಲಿ ಶಾಲಾ ಆಡಳಿತ ಮಂಡಳಿಯೇ ಪೋಷಕರಿಂದ ಎತ್ತಿದ ಹಣದಲ್ಲಿ ಕಡಿಮೆ ಸಂಬಳಕ್ಕೆ ಅಂಥವರನ್ನು ಇಟ್ಟುಕೊಳ್ಳುತ್ತದೆ. ಹೊರಗಿನಿಂದ ಒಬ್ಬರು ಪುಕ್ಕಟೆ ಬಂದರೆ ಮೊದಲು ಹೋಗುವುದು ಯಾರ ಕೆಲಸ?

ಟೆಕ್ಕಿಯವರೇ, ನಿಮ್ಮ ಏಜೆನ್ಸಿ ಫೀಸು, ವಿಮಾನದ ಟಿಕೆಟ್ ಎರಡೂ ಸೇರಿಸಿ. ಹಳ್ಳಿ ಶಾಲೆಯಲ್ಲಿ ಅಂಥ ಒಬ್ಬ ಟೀಚರಿಗೆ ಎಷ್ಟು ತಿಂಗಳ ಸಂಬಳ ಆಗುತ್ತದೆ ಎಂದು ಲೆಕ್ಕ ಹಾಕಿ.

2019ರಲ್ಲಿ ಹತ್ತು ಲಕ್ಷ ಡಾಲರಿನ ಗ್ಲೋಬಲ್ ಟೀಚರ್ ಪ್ರಶಸ್ತಿ ಪಡೆದ ಪೀಟರ್ ತಬಿಚಿ ನಕೂರು ಕೌಂಟಿಯ ಪ್ವಾನಿ ಹಳ್ಳಿಯ ಗಣಿತ, ವಿಜ್ಞಾನದ ಮೇಷ್ಟ್ರು. ಶಾಲೆಯಲ್ಲಿ ಇದ್ದದ್ದು ಒಂದು ಕಂಪ್ಯೂಟರು. ತಮ್ಮ ಸಂಬಳದ ನೂರಕ್ಕೆ ಎಂಬತ್ತು ಭಾಗ ಬಡ ಮಕ್ಕಳಿಗೆ ಕೊಡುತ್ತಿದ್ದವರು. ಆಫ್ರಿಕಾದ ಹಳ್ಳಿ ಶಾಲೆಗಳನ್ನು ಎತ್ತಿ ನಿಲ್ಲಿಸುವುದು ಇಂಥವರು. ನಾವು ಹೋದರೆ ಇವರ ಕೈಗೆ ಏನು ಬೇಕು ಎಂದು ಕೇಳಿ ಹೋಗಬೇಕು.

ಚನ್ನಗಿರಿ ಹೈದ

ನಾನು ಹೇಳಿದ್ದೂ ಇದನ್ನೇ ಅಲ್ವಾ? ಅಲ್ಲಿ ಟೀಚರಿದ್ದಾರೆ, ಹೊರಗಿನವರು ಬೇಡ.

ನೈರೋಬಿ ಮಾಮ

ಪೂರ್ತಿ ಅದಲ್ಲ ತಮ್ಮ. ಗಣಿತ, ವಿಜ್ಞಾನಕ್ಕೆ ನಿಜವಾಗಲೂ ಕೊರತೆ ಇದೆ. ಮೋಶಿಯ ಮೇಡಂ ಬಿ.ಎಡ್. ಮಾಡಿದ ಅನುಭವಸ್ಥರು, ಅಲ್ಲೇ ಇರುವವರು. ಮೂರು ವಾರದ ಪ್ಯಾಕೇಜಿಗೂ ಅವರಿಗೂ ಹೋಲಿಕೆ ಬೇಡ. ಆದರೆ ಮೇಡಂ, ಆ ಊರಲ್ಲಿ ಕೆಲಸಕ್ಕೆ ಕಾಯುತ್ತಿರುವ ಗಣಿತದ ಟೀಚರು ಯಾರಾದರೂ ಇದ್ದಾರಾ ಎಂದು ಹೆಡ್‌ಮಾಸ್ಟರನ್ನು ಕೇಳಿ ನೋಡಿ.

ಅಡಿಸ್ ಮಗಳು

ನಮ್ಮ ತಂದೆ ಇಥಿಯೋಪಿಯಾದಲ್ಲಿ ಟೀಚರಾಗಿದ್ದರು. ಹೈಲೆ ಸೆಲಾಸಿ ಚಕ್ರವರ್ತಿಯ ಕಾಲದಲ್ಲಿ ಆ ದೇಶ ಭಾರತದಿಂದ ಬಹಳ ಟೀಚರುಗಳನ್ನು ಕರೆಸಿಕೊಂಡಿತ್ತು. ಕೇರಳದವರೇ ಜಾಸ್ತಿ. ಅದು ಸೇವೆ ಅಲ್ಲ, ಕಾಂಟ್ರಾಕ್ಟ್ ಕೆಲಸ, ಸಂಬಳ ಇತ್ತು. ಅದೇ ಒಳ್ಳೆಯದಾಗಿತ್ತು ಎಂದು ತಂದೆ ಹೇಳುತ್ತಿದ್ದರು. ಸಂಬಳ ಕೊಡುವ ಸರ್ಕಾರ ಹೊತ್ತಿಗೆ ಸರಿಯಾಗಿ ಬರಬೇಕು, ಸಿಲಬಸ್ ಮುಗಿಸಬೇಕು ಎಂದು ಕೇಳುತ್ತಿತ್ತು. ಪುಕ್ಕಟೆ ಬಂದವರನ್ನು ಯಾರೂ ಕೇಳುವುದಿಲ್ಲ. 1974ರಲ್ಲಿ ಕ್ರಾಂತಿಯಾದ ಮೇಲೆ ದೊಡ್ಡ ಕ್ಲಾಸಿನ ವಿದ್ಯಾರ್ಥಿಗಳನ್ನೇ ಹಳ್ಳಿಗಳಿಗೆ ಅಕ್ಷರ ಕಲಿಸಲು ಕಳಿಸಿದರು, ತಂದೆಯ ಕ್ಲಾಸು ಖಾಲಿಯಾಯಿತು. ಆ ವಿಷಯ ದೊಡ್ಡದು, ಬೇರೆ ಯಾವಾಗಲಾದರೂ ಬರೆಯುತ್ತೇನೆ.

ಮೋಶಿ ಮೇಡಂಗೆ ನನ್ನ ಸಲಹೆ: ಸಂಬಳ ಇಲ್ಲದಿದ್ದರೂ ಟೈಮ್ ಟೇಬಲ್‌ನಲ್ಲಿ ನಿಮ್ಮ ಹೆಸರು ಹಾಕಿಸಿ. ಬರದಿದ್ದರೆ ಕೇಳುವವರು ಇರಲಿ.

ರಾಗಿ ಪ್ರಿಯೆ

ವಿಷಯ ಬಿಟ್ಟು ಕೇಳುತ್ತೇನೆ, ಕ್ಷಮಿಸಿ. ನಮ್ಮ ತಂಗಿ ಮುಂದಿನ ತಿಂಗಳು ತಾಂಜಾನಿಯಾದ ಅರುಷಾಕ್ಕೆ ಹೋಗುತ್ತಿದ್ದಾಳೆ. ಅಲ್ಲಿ ರಾಗಿ ಸಿಗುತ್ತದಾ? ಹಿಟ್ಟು ಕಟ್ಟಿ ಕಳಿಸಬೇಕಾ?

ಮೋಶಿ ಟೀಚರ್

ಕಳಿಸಲೇಬೇಡಿ! ಪೂರ್ವ ಆಫ್ರಿಕಾದ ಎತ್ತರದ ನಾಡುಗಳೇ ರಾಗಿಯ ತವರು. ಇಲ್ಲಿ ಉಲೇಜಿ ಎಂದು ಕೇಳಿದರೆ ಮಾರುಕಟ್ಟೆಯಲ್ಲಿ ಚೀಲಗಟ್ಟಲೆ ಕೊಡುತ್ತಾರೆ. ಮಕ್ಕಳಿಗೆ ಬೆಳಿಗ್ಗೆ ಉಜಿ ಅಂತ ಗಂಜಿ ಮಾಡುತ್ತಾರೆ, ರಾಗಿಯದು ನಮ್ಮ ಅಂಬಲಿಯೇ. ಬೆಟ್ಟದ ಚಗ್ಗಾ ಜನ ಬಾಳೆಹಣ್ಣು, ರಾಗಿ ಸೇರಿಸಿ ಎಂಬೆಗೆ ಎಂಬ ಬಿಯರ್ ಕೂಡ ಮಾಡುತ್ತಾರೆ. ಮುದ್ದೆಗೆ ನಾನು ಇಲ್ಲಿನ ಹಿಟ್ಟನ್ನೇ ಬಳಸುತ್ತೇನೆ. ಸ್ವಲ್ಪ ತರಿ, ಎರಡು ಸಲ ಜರಡಿ ಹಿಡಿಯಲಿ.

ರಾಗಿ ಪ್ರಿಯೆ

ಅಯ್ಯೋ, ರಾಗಿ ನಮ್ಮದೇ ಅಂದುಕೊಂಡಿದ್ದೆ!

ಲಿಲಾಂಗ್ವೆ ಅಕ್ಕ

ಊಟದ ಮಾತು ಬಂತು, ಒಂದು ಗಂಭೀರ ವಿಷಯ. ಮೇಡಂ, ನಿಮ್ಮ ಶಾಲೆಯಲ್ಲಿ ಮಧ್ಯಾಹ್ನ ಊಟ ಇದೆಯಾ? ಮಲಾವಿಯಲ್ಲಿ 1994ರಲ್ಲಿ ಪ್ರಾಥಮಿಕ ಶಾಲೆಗೆ ಫೀಸು ತೆಗೆದರು. ದಾಖಲಾತಿ 19 ಲಕ್ಷದಿಂದ ಸುಮಾರು 30 ಲಕ್ಷಕ್ಕೆ ಹಾರಿತು. ಕಟ್ಟಡ, ಟೀಚರು ಆ ವೇಗದಲ್ಲಿ ಬರಲಿಲ್ಲ. ಒಂದನೇ ಕ್ಲಾಸಿನಲ್ಲಿ ನೂರಕ್ಕೂ ಜಾಸ್ತಿ ಮಕ್ಕಳು ಮರದ ಕೆಳಗೆ ಕೂರುವುದನ್ನು ಈಗಲೂ ನೋಡುತ್ತೇನೆ. ಅದಕ್ಕಿಂತ ಕಷ್ಟ ಜನವರಿ, ಫೆಬ್ರವರಿ. ಹಿಂದಿನ ವರ್ಷದ ಮೆಕ್ಕೆಜೋಳ ಮುಗಿದಿರುತ್ತದೆ, ಹೊಸದು ಮಾರ್ಚ್, ಏಪ್ರಿಲ್‌ಗೆ ಬರಬೇಕು. ಆ ತಿಂಗಳುಗಳಲ್ಲಿ ಹಾಜರಿ ಪುಸ್ತಕ ಬಿಕೋ ಎನ್ನುತ್ತದೆ. ಶಾಲೆಯಲ್ಲಿ ಗಂಜಿ ಕೊಡುವ ಕಡೆ ಮಾತ್ರ ಮಕ್ಕಳು ಬರುತ್ತಾರೆ. ಹಸಿದ ಮಗುವಿಗೆ ಯಾವ ಭಾಷೆಯಲ್ಲಿ ಲೆಕ್ಕ ಹೇಳಿದರೂ ಹತ್ತುವುದಿಲ್ಲ.

ಮೋಶಿ ಟೀಚರ್

ಇದೆ ಅಕ್ಕ, ಆದರೆ ಎಲ್ಲರಿಗೂ ಇಲ್ಲ. 2016ರಿಂದ ಇಲ್ಲಿ ಫಾರ್ಮ್ 4ರ ತನಕ ಸರ್ಕಾರಿ ಶಾಲೆಗೆ ಫೀಸಿಲ್ಲ. ಊಟಕ್ಕೆ ಮಾತ್ರ ಪೋಷಕರೇ ಮೆಕ್ಕೆಜೋಳ, ಬೀನ್ಸ್ ಕೊಡಬೇಕು. ಎರಡನ್ನೂ ಸೇರಿಸಿ ಬೇಯಿಸಿ ಮಕಾಂಡೆ ಮಾಡುತ್ತಾರೆ. ಮಳೆ ಕೈಕೊಟ್ಟ ವರ್ಷ ಕೆಲವು ಮನೆಯವರಿಗೆ ಕೊಡಲು ಆಗುವುದಿಲ್ಲ. ಆ ಮಕ್ಕಳು ಮಧ್ಯಾಹ್ನ ಸುಮ್ನೆ ಮರದ ಕಡೆ ಹೋಗಿ ಕೂರುತ್ತಾರೆ. ನನಗೆ ಪಾಠಕ್ಕಿಂತ ಅದೇ ಜಾಸ್ತಿ ಕಾಡುತ್ತಿದೆ. ನಮ್ಮ ಬಿಸಿಯೂಟದ ಬೆಲೆ ಏನು ಎಂದು ಇಲ್ಲಿ ನಿಂತು ನೋಡಿದಾಗ ಗೊತ್ತಾಗುತ್ತದೆ.

ಕೋಟೆ ಮೇಷ್ಟ್ರು

ಗಣಿತದ ಪೀರಿಯಡ್ ಬೆಳಿಗ್ಗೆಗೆ ಹಾಕಿಸಿ ತಾಯಿ. ಊಟದ ನಂತರ ಬೇಡ.

ವೈಟ್‌ಫೀಲ್ಡ್ ಟೆಕ್ಕಿ

ಮೋಶಿ ಮೇಡಂ, ಊಟಕ್ಕೆ ಕೊಡಲಾಗದ ಮಕ್ಕಳ ಪಾಲಿನ ಜೋಳ, ಬೀನ್ಸ್ ನಾನು ಕೊಡಬಹುದಾ? ಏಜೆನ್ಸಿಗೆ ಎತ್ತಿಟ್ಟ ದುಡ್ಡು ಇದೆ.

ದಾರ್ ಕನ್ನಡಿಗ

ಕೊಡಿ. ಆದರೆ ಯಾವ ಮಗುವಿನ ಪಾಲು ಎಂದು ಹೆಸರು ಕೇಳಬೇಡಿ. ಶಾಲಾ ಸಮಿತಿಯ ಮೂಲಕ ಎಲ್ಲರ ಜೋಳದ ಜೊತೆ ಒಟ್ಟಿಗೆ ಹೋಗಲಿ. ಇಲ್ಲದಿದ್ದರೆ ಪುಕ್ಕಟೆ ಊಟದವರು ಎಂದು ಆ ಮಕ್ಕಳನ್ನೇ ಬೇರೆ ಮಾಡುತ್ತಾರೆ.

ಕೆಂಪು ಮಸಿ

ಒಬ್ಬರೂ ಬೆತ್ತದ ಬಗ್ಗೆ ಮಾತಾಡಲಿಲ್ಲ. ಅಲ್ಲಿನ ಶಾಲೆಗಳಲ್ಲಿ ಹೊಡೆಯುತ್ತಾರೆ ಎಂದು ಕೇಳಿದ್ದೇನೆ. ನೀವು ನೋಡಿದಿರಾ ಮೇಡಂ?

ಮೋಶಿ ಟೀಚರ್

ನೋಡಿದೆ. ತಪ್ಪು ಉತ್ತರಕ್ಕೆ ಅಂಗೈ ಮೇಲೆ ಒಂದು ಏಟು. ನನಗೆ ತಡೆಯಲಾಗಲಿಲ್ಲ, ಆದರೆ ಅವರ ಕ್ಲಾಸಿನಲ್ಲಿ ಎದ್ದು ಮಾತಾಡುವುದು ಸರಿ ಅನ್ನಿಸಲಿಲ್ಲ.

ಹಳೇ ಬೆಂಚು

ನಾವೆಲ್ಲಾ ಏಟು ತಿಂದೇ ಮಗ್ಗಿ ಕಲಿತವರು. ಅಷ್ಟಕ್ಕೆಲ್ಲಾ ಯಾಕೆ ಇಷ್ಟು ಚಿಂತೆ?

ಪಿಯು ಗಣಿತ

ಏಟು ತಿಂದು ಶಾಲೆ ಬಿಟ್ಟವರು ಈ ಚರ್ಚೆಯಲ್ಲಿ ಬರೆಯುತ್ತಿಲ್ಲ ಸರ್. ಉಳಿದವರು ಮಾತ್ರ ಬರೆಯುತ್ತಿದ್ದೇವೆ.

ನೈರೋಬಿ ಮಾಮ

ಕೀನ್ಯಾ 2001ರಲ್ಲೇ ಬೆತ್ತ ನಿಷೇಧಿಸಿತು. ನಮ್ಮ ಭಾರತದಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿತು. ತಾಂಜಾನಿಯಾದಲ್ಲಿ ಕಾನೂನೇ ಬಿಟ್ಟಿದೆ. ಆದರೆ ಅಲ್ಲೂ ಮಿತಿ ಇದೆ. ಗಂಭೀರ ತಪ್ಪಿಗೆ ಮಾತ್ರ, ಹೆಚ್ಚೆಂದರೆ 4 ಏಟು, ಹೆಡ್‌ಮಾಸ್ಟರು ಅಥವಾ ಅವರು ಒಪ್ಪಿಗೆ ಕೊಟ್ಟವರು ಮಾತ್ರ, ಪುಸ್ತಕದಲ್ಲಿ ಬರೆದಿಡಬೇಕು. ತಪ್ಪು ಉತ್ತರಕ್ಕೆ ಹೊಡೆಯುವುದು ಅಲ್ಲಿನ ನಿಯಮಕ್ಕೂ ಹೊಂದುವುದಿಲ್ಲ. ಮೇಡಂ, ಹೆಡ್‌ಮಾಸ್ಟರ ಜೊತೆ ಒಬ್ಬರೇ ಇರುವಾಗ ಹೇಳಿ: ನನ್ನ ಕ್ಲಾಸಿಗೆ ಬೆತ್ತ ಬರಬಾರದು, ನನ್ನ ಕ್ಲಾಸಿನ ಮಕ್ಕಳನ್ನು ಶಿಕ್ಷೆಗೆ ನಾನು ಕಳಿಸುವುದಿಲ್ಲ. ಹೊರಗಿನವರು ಬಂದು ಉಪದೇಶ ಮಾಡಿದರು ಅನ್ನಿಸಬಾರದು. ನಿಮ್ಮ ಕ್ಲಾಸಿನಲ್ಲಿ ತಪ್ಪು ಹೇಳಲು ಮಕ್ಕಳು ಹೆದರದಿದ್ದರೆ ಆ ಮೇಷ್ಟ್ರು ತಾವೇ ನೋಡುತ್ತಾರೆ.

ಹಾಸನದ ಟೀಚರಮ್ಮ

ಹುಡುಗಿಯರ ವಿಷಯ ಮರೆಯಬೇಡಿ. ಅಲ್ಲಿ ಗರ್ಭಿಣಿಯಾದ ಹುಡುಗಿಯನ್ನು ಶಾಲೆಗೆ ಮತ್ತೆ ಸೇರಿಸಿಕೊಳ್ಳಬಾರದು ಎಂಬ ನಿಷೇಧ ಇತ್ತು, 2021ರ ನವೆಂಬರಿನಲ್ಲಿ ತೆಗೆದರು ಎಂದು ಓದಿದ್ದೆ. ಹಾಗೆ ವಾಪಸು ಬಂದವರು ನಿಮ್ಮ ಕ್ಲಾಸಿನಲ್ಲಿ ಇರಬಹುದು. ಗಣಿತ ಹೇಳುವ ಹೆಂಗಸು ಮುಂದೆ ನಿಂತರೇ ಹುಡುಗಿಯರಿಗೆ ಎಷ್ಟೋ ಧೈರ್ಯ. ಅವರಿಗೆ ಮೊದಲೆರಡು ಬೆಂಚು ಕೊಡಿ, ಹೆಸರು ಹಿಡಿದು ಕರೆಯಿರಿ.

ಮೋಶಿ ಟೀಚರ್

ಎಲ್ಲರ ಮಾತೂ ಓದಿ ಇವತ್ತು ಹೆಡ್‌ಮಾಸ್ಟರ ಜೊತೆ ಕುಳಿತು ಮಾತಾಡಿ ಬಂದೆ.

ಪರವಾನಗಿ ಬರುವ ತನಕ ಪಾಠ ಮಾಡುವುದಿಲ್ಲ ಎಂದು ಹೇಳಿದೆ. ಅವರು ಒಪ್ಪಿ ಪತ್ರ ಬರೆದುಕೊಟ್ಟರು. ನೈರೋಬಿ ಮಾಮ ಕೇಳಿದ ಪ್ರಶ್ನೆ ಕೇಳಿದೆ. ಅದೇ ಹಳ್ಳಿಯಲ್ಲಿ ಗಣಿತದಲ್ಲಿ ಡಿಪ್ಲೊಮಾ ಟ್ರೇನಿಂಗ್ ಮುಗಿಸಿ ಕೆಲಸವಿಲ್ಲದೆ ಅಪ್ಪನ ಹೊಲ ನೋಡಿಕೊಂಡಿರುವ ಒಬ್ಬಳು ಹುಡುಗಿ ಇದ್ದಾಳೆ! ಪೋಷಕರ ಸಮಿತಿ ಒಪ್ಪಿದರೆ ಅವಳನ್ನು ಕರೆಸೋಣ ಎಂದಿದ್ದಾರೆ. ಅವಳ ಸಂಬಳಕ್ಕೆ ಸಮಿತಿ ಕೊಡುವುದರ ಜೊತೆಗೆ ನಾವು, ಇಲ್ಲಿನ ನಾಲ್ಕು ಭಾರತೀಯ ಮನೆಯವರು ಸೇರಿ ಕೊಡುತ್ತೇವೆ. ಕ್ಲಾಸಿನ ಮುಂದೆ ನಿಲ್ಲುವುದು ಅವಳು, ಸ್ವಾಹಿಲಿ ಅವಳದು. ನಾನು ಅವಳ ಜೊತೆ ಪಾಠ ತಯಾರಿ ಮಾಡುತ್ತೇನೆ. ಕೆಳಗಿನ ಎರಡು ಗುಂಪುಗಳ ಜೊತೆ ಕೂರುವುದು ಪರವಾನಗಿ ಬಂದ ಮೇಲೆ.

ಬಸವನಗುಡಿಯವರೇ, ಬೋರ್ಡು ಇಂಗ್ಲಿಷಿನಲ್ಲೇ ಇರುತ್ತದೆ. ನಿಮ್ಮ ಆತಂಕವೂ ನಿಜವೇ.

ಬಸವನಗುಡಿ ಪೋಷಕ

ಹೀಗಾದರೆ ನನ್ನ ತಕರಾರಿಲ್ಲ. ಆದರೆ ಆರು ತಿಂಗಳಲ್ಲಿ ಒಂದು ಟೆಸ್ಟ್ ಪೂರ್ತಿ ಇಂಗ್ಲಿಷಿನಲ್ಲಿ ಕೊಟ್ಟು ಫಲಿತಾಂಶ ಇಲ್ಲಿ ಹಾಕಿ. ಸುಮ್ನೆ ಮಾತು ಬೇಡ.

ಮೋಶಿ ಟೀಚರ್

ಖಂಡಿತ ಹಾಕುತ್ತೇನೆ. ಮಕ್ಕಳ ಹೆಸರಿಲ್ಲದೆ.

ಚನ್ನಗಿರಿ ಹೈದ

ಮೇಡಂ, ಕೋಟೆ ಮೇಷ್ಟ್ರೇ, ಆ ನಾಲ್ಕು ಲೆಕ್ಕದ ಪರೀಕ್ಷೆಯನ್ನು ನಮ್ಮೂರ ಶಾಲೆಯಲ್ಲಿ ಶನಿವಾರ ಮಾಡಲು ನಾವು ಮೂರು ಜನ ಹುಡುಗರು ತಯಾರಿದ್ದೇವೆ. ಹೆಡ್‌ಮಾಸ್ಟರ ಒಪ್ಪಿಗೆ ಕೇಳಿದ್ದೇವೆ. ಲೆಕ್ಕ ಯಾವುದು ಕೊಡಬೇಕು?

ಕೋಟೆ ಮೇಷ್ಟ್ರು

ಬರೆದುಕೊಳ್ಳಪ್ಪ. 47ಕ್ಕೆ 38 ಕೂಡು. 52ರಲ್ಲಿ 27 ಕಳೆ. 7 ಗುಣಿಸು 8. 95 ಭಾಗಿಸು 4. ಮಗು ತಪ್ಪು ಮಾಡಿದ ಕಡೆ ಏನೂ ಹೇಳಬೇಡಿ, ಹೇಗೆ ಮಾಡಿದೆ ಎಂದು ಮಾತ್ರ ಕೇಳಿ, ಅದು ಹೇಳಿದ್ದನ್ನು ಹಾಗೇ ಬರೆದುಕೊಳ್ಳಿ. ಮೋಶಿ ತಾಯಿ, ನೀವೂ ಆ ಹುಡುಗಿಗೆ ಹೀಗೇ ಹೇಳಿ. ಎರಡೂ ಕಡೆಯ ಉತ್ತರ ಬಂದರೆ ನನಗೆ ಕಳಿಸಿ, ಗುಂಪು ಹೇಗೆ ಮಾಡುವುದು ಎಂದು ನೋಡೋಣ.